ಕೆಲಸಕ್ಕೆ ಹೊರಟ ತಾಯಿ, ಮನೆಯಲ್ಲಿ ಕೂಸು: ಎದೆಹಾಲು ಮತ್ತು ಬಾಟ್ಲಿ ಎರಡನ್ನೂ ಹೊಂದಿಸೋದು ಹೇಗೆ?

ಎಮ್ಮಿಗನೂರು: ಕಾಲುವೆಗೆ ನೀರು ಬಿಟ್ಟರೆ ನಾಟಿ ಕೆಲಸ ಶುರು. ಮೂರು ತಿಂಗಳ ಕೂಸನ್ನ ಅತ್ತೆ ಹತ್ತಿರ ಬಿಟ್ಟು ಗದ್ದೆಗೆ ಇಳಿಯೋರು ನಮ್ಮೂರಲ್ಲಿ ಕಡಿಮೆ ಇಲ್ಲ. ಕಂಪ್ಲಿ, ಹೊಸಪೇಟೆ ಅಂಗಡಿಗಳಿಗೆ, ಆಫೀಸುಗಳಿಗೆ ಬಸ್ ಹತ್ತೋರದ್ದೂ ಇದೇ ಕಥೆ. ಕೆಲಸಕ್ಕೆ ಹೋದರೆ ಎದೆಹಾಲು ಬಿಡಿಸಲೇಬೇಕು ಅಂತ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಮೊದಲ 6 ತಿಂಗಳು ಎದೆಹಾಲು ಮಾತ್ರ, ಆಮೇಲೆ ಊಟದ ಜೊತೆ 2 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು ಕೊಡಿ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಎರಡು ವಾರ ಮೊದಲೇ ಶುರು ಮಾಡಿ
ಕೆಲಸಕ್ಕೆ ಹೋಗೋ ದಿನವೇ ಬಾಟ್ಲಿ ಬಾಯಿಗಿಟ್ಟರೆ ಕೂಸು ಒಪ್ಪೋದಿಲ್ಲ. ಎರಡು ವಾರ ಮೊದಲಿಂದ ದಿನಕ್ಕೆ ಒಂದು ಸಲ ಹಿಂಡಿದ ಹಾಲು ಕುಡಿಸಿ ರೂಢಿ ಮಾಡಿಸಿ. ತಾಯಿ ಬದಲು ಅಜ್ಜಿಯೋ ತಂದೆಯೋ ಕುಡಿಸಿದರೆ ಬೇಗ ಒಗ್ಗುತ್ತದೆ. ಬಾಟ್ಲಿಯೇ ಆಗಬೇಕಂತಿಲ್ಲ. ನಮ್ಮ ಹಿರಿಯರ ಒಳಲೆ ಅಥವಾ ಸಣ್ಣ ಬಟ್ಟಲು ಇನ್ನೂ ಒಳ್ಳೆಯದು, ತೊಳೆಯೋದೂ ಸುಲಭ. ಯಾವುದೇ ಇರಲಿ, ತೊಳೆದು 10 ನಿಮಿಷ ಕುದಿಸಿ. 6 ತಿಂಗಳೊಳಗಿನ ಕೂಸಿಗೆ ಸಾಮಾನ್ಯವಾಗಿ ಒಂದು ಸಲಕ್ಕೆ 60ರಿಂದ 120 ಮಿ.ಲೀ. ಸಾಕು.

ಹಿಂಡಿದ ಹಾಲು ಎಷ್ಟು ಹೊತ್ತು ಇರುತ್ತೆ?
ಕೈ ಸೋಪಿನಿಂದ ತೊಳೆದು, ಮುಚ್ಚಳ ಇರೋ ಶುದ್ಧ ಸ್ಟೀಲ್ ಡಬ್ಬಿಗೆ ಹಿಂಡಿ. 25 ಡಿಗ್ರಿ ತಂಪಿನಲ್ಲಿ 4 ಗಂಟೆ ಹೊರಗಿಡಬಹುದು. ನಮ್ಮ ಬೇಸಿಗೆ 40 ಡಿಗ್ರಿ ಮುಟ್ಟುತ್ತೆ, ಆಗ ಹೊರಗಿಡಬೇಡಿ. ಫ್ರಿಜ್‌ನ ಒಳಭಾಗದಲ್ಲಿ 4 ದಿನ ಇರುತ್ತದೆ. ಕರೆಂಟ್ ಬಹಳ ಹೊತ್ತು ಹೋದರೆ ಆ ಹಾಲನ್ನ ನಂಬಬೇಡಿ. ಒಲೆ ಮೇಲೆ ಕಾಯಿಸಬಾರದು. ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿ ಇಟ್ಟು ಬೆಚ್ಚಗೆ ಮಾಡಿ. ಕೂಸು ಕುಡಿದು ಉಳಿಸಿದ್ದನ್ನ ಮತ್ತೆ ಎತ್ತಿಡಬೇಡಿ.

ಫ್ರಿಜ್ ಇಲ್ಲದ ಮನೆಯವರು ಹೊರಡೋ ಮುಂಚೆ, ಬಂದ ತಕ್ಷಣ ಮತ್ತು ರಾತ್ರಿ ಎದೆಹಾಲು ಕೊಡಿ. ಮಧ್ಯಾಹ್ನ ಬುತ್ತಿ ತರೋರ ಜೊತೆ ಕೂಸೂ ಬಂದರೆ ನೆರಳಲ್ಲಿ ಕೂತು ಕುಡಿಸಬಹುದು. ಕೆಲಸದ ಜಾಗದಲ್ಲಿ ಎದೆ ಬಿಗಿದರೆ ತಡೆದುಕೊಂಡು ಕೂರಬೇಡಿ, ಸ್ವಲ್ಪ ಹಿಂಡಿ. ಹಾಲು ಹಾಗೇ ಕಟ್ಟಿದರೆ ಗಂಟಾಗುತ್ತದೆ, ಜ್ವರ ಬರಬಹುದು, ಹಾಲೂ ಕಡಿಮೆಯಾಗುತ್ತದೆ.

ಪೌಡರ್ ಹಾಲು ಕೊಡಲೇಬೇಕಾದರೆ
ವೈದ್ಯರನ್ನ ಕೇಳಿ ಶುರು ಮಾಡಿ. ದೊಡ್ಡ ತಪ್ಪು ನಡೆಯೋದು ಇಲ್ಲೇ: ಡಬ್ಬಿ ದುಬಾರಿ ಅಂತ ನೀರು ಜಾಸ್ತಿ ಹಾಕೋದು. ನೋಡೋಕೆ ಹಾಲಿನಂಗೇ ಇರುತ್ತೆ, ಕೂಸು ಮಾತ್ರ ಸೊರಗುತ್ತೆ. ಡಬ್ಬಿ ಮೇಲೆ ಬರೆದ ಅಳತೆಯನ್ನೇ ಪಾಲಿಸಿ. ನೀರು ಕುದಿಸಿ, ಅರ್ಧ ಗಂಟೆ ಒಳಗೆ ಬಿಸಿ ಇರುವಾಗಲೇ ಕಲಸಿ, ಆರಿಸಿ ಕೊಡಿ. 2 ಗಂಟೆ ದಾಟಿದ್ದನ್ನ ಚೆಲ್ಲಿಬಿಡಿ. ಒಂದು ವರ್ಷದ ತನಕ ಎದೆಹಾಲಿನ ಬದಲು ಆಕಳ ಹಾಲು, ಎಮ್ಮೆ ಹಾಲು ಬೇಡ. ಜೇನುತುಪ್ಪವೂ ಬೇಡ.

ಕೂಸು ದಿನಕ್ಕೆ 6 ಸಲ ಅಥವಾ ಹೆಚ್ಚು ಉಚ್ಚೆ ಹೊಯ್ದು, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಅಂತ ಅರ್ಥ. ಉಚ್ಚೆ ಕಡಿಮೆಯಾದರೆ, ಭೇದಿಯಾದರೆ, ಮಂಕಾಗಿ ಮಲಗಿದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಅಂಗಡಿ, ಕಾರ್ಖಾನೆ ಮಾಲೀಕರ ಗಮನಕ್ಕೆ
10 ಅಥವಾ ಹೆಚ್ಚು ಜನ ಕೆಲಸ ಮಾಡೋ ಅಂಗಡಿಗಳಿಗೂ ಹೆರಿಗೆ ಸೌಲಭ್ಯದ ಕಾನೂನು ಅನ್ವಯಿಸುತ್ತದೆ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ ಇದೆ. ಕೆಲಸಕ್ಕೆ ಮರಳಿದ ಮೇಲೆ ಕೂಸಿಗೆ 15 ತಿಂಗಳಾಗೋವರೆಗೆ ಹಾಲುಣಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕು. 50 ಅಥವಾ ಹೆಚ್ಚು ಜನ ಇದ್ದರೆ ಶಿಶುಪಾಲನಾ ಕೇಂದ್ರ ಕಡ್ಡಾಯ. ಅದಕ್ಕಿಂತ ಚಿಕ್ಕ ಅಂಗಡಿಯವರೂ ಪರದೆ ಕಟ್ಟಿದ ಒಂದು ಮೂಲೆ, 20 ನಿಮಿಷ ಬಿಡುವು ಕೊಟ್ಟರೆ ಕೆಲಸದಾಕೆ ಕೆಲಸ ಬಿಡೋದು ತಪ್ಪುತ್ತೆ.

ಮೆಡಿಕಲ್, ಕಿರಾಣಿ ಅಂಗಡಿಯವರೂ ನೆನಪಿಡಿ: 1992ರ ಕಾಯ್ದೆ ಪ್ರಕಾರ ಶಿಶು ಹಾಲಿನ ಪೌಡರ್, ಬಾಟ್ಲಿಗಳಿಗೆ ಜಾಹೀರಾತು ಹಾಕುವಂತಿಲ್ಲ. ಉಚಿತ ಸ್ಯಾಂಪಲ್, ಗಿಫ್ಟ್ ಕೊಟ್ಟು ಮಾರೋದೂ ನಿಷಿದ್ಧ.

ಎಲ್ಲಿ ಕೇಳಬೇಕು?
ಹಾಲು ಹಿಂಡೋದು ಹೇಗೆ ಅಂತ ನಿಮ್ಮ ಆಶಾ ಕಾರ್ಯಕರ್ತೆ ಅಥವಾ ನರ್ಸಮ್ಮ ತೋರಿಸಿಕೊಡ್ತಾರೆ. ಕೂಸಿನ ತೂಕ ಅಂಗನವಾಡಿಯಲ್ಲೇ ನೋಡಿಸಬಹುದು. ಆರೋಗ್ಯ ಸಲಹೆಗೆ 104ಕ್ಕೆ ಫೋನ್ ಮಾಡಿ. ಕೂಲಿಗೆ ಹೋಗೋ ತಾಯಂದಿರ 3 ವರ್ಷದೊಳಗಿನ ಮಕ್ಕಳಿಗಾಗಿ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆದಿದೆ. ನಿಮ್ಮ ಪಂಚಾಯಿತಿಯಲ್ಲಿ ಇದೆಯಾ ವಿಚಾರಿಸಿ; ಇಲ್ಲದಿದ್ದರೆ ಗ್ರಾಮಸಭೆಯಲ್ಲಿ ಕೇಳಿ.