ವಕೀಲರಿಲ್ಲದ ಕೋರ್ಟಿನ ಕನಸು

1984ರ ಕುಟುಂಬ ನ್ಯಾಯಾಲಯ ಕಾಯಿದೆಯ 13ನೇ ಕಲಮನ್ನು ಮೊದಲ ಸಲ ಓದಿದವರಿಗೆ ಅಚ್ಚರಿಯಾಗುತ್ತದೆ. ಈ ಕೋರ್ಟಿನ ಮುಂದೆ ಬಂದ ಯಾವ ಕಕ್ಷಿದಾರರಿಗೂ ವಕೀಲರ ಮೂಲಕ ವಾದಿಸುವುದು ಹಕ್ಕಲ್ಲ ಎನ್ನುತ್ತದೆ ಅದು. ನ್ಯಾಯಾಧೀಶರಿಗೆ ಬೇಕೆನಿಸಿದರೆ ಕಾನೂನು ಬಲ್ಲವರೊಬ್ಬರನ್ನು ಕೋರ್ಟಿನ ನೆರವಿಗೆ ಕರೆಸಿಕೊಳ್ಳಬಹುದು, ಅಷ್ಟೆ. ಗಂಡ ಹೆಂಡತಿ ತಮ್ಮ ಮಾತನ್ನು ತಾವೇ ಆಡಬೇಕು.

ದೆಹಲಿಯ ಮೊದಲ ಕುಟುಂಬ ನ್ಯಾಯಾಲಯ ದ್ವಾರಕಾದಲ್ಲಿ ಶುರುವಾದದ್ದು 2009ರಲ್ಲಿ, ಕಾಯಿದೆ ಬಂದ ಕಾಲು ಶತಮಾನದ ನಂತರ. ಇವತ್ತು ದ್ವಾರಕಾ, ಸಾಕೇತ್, ರೋಹಿಣಿ, ಎಲ್ಲಿಯ ಕೋರ್ಟಿನ ಮುಂದೆ ನಿಂತರೂ ಕಾಣುವುದು ಕರಿ ಕೋಟುಗಳೇ. ವಿಚ್ಛೇದನಕ್ಕೆ ಒಬ್ಬರು ಒಲ್ಲೆ ಎಂದ ದಿನ ಇಬ್ಬರೂ ಮಾಡುವ ಮೊದಲ ಕೆಲಸ ವಕೀಲರನ್ನು ಹುಡುಕುವುದು. ಕಾಯಿದೆ ಹೊಸಿಲಾಚೆ ನಿಲ್ಲಿಸಿದವರು ಒಳಗೆ ಬಂದದ್ದು ಹೇಗೆ? ಅವರನ್ನು ಬೇಡವೆಂದದ್ದಾದರೂ ಯಾಕೆ? ಎರಡಕ್ಕೂ ಉತ್ತರ ಹುಡುಕಲು ಇನ್ನೂ ಹಿಂದಕ್ಕೆ ಹೋಗಬೇಕು.

ಹಿಂದೂ ಮದುವೆ ಬಿಡಿಸಲಾಗದ ಬಂಧ ಎಂಬುದು ಶಾಸ್ತ್ರದ ಮಾತು, ಎಲ್ಲರ ಬದುಕಿನ ಮಾತಲ್ಲ. ಉತ್ತರ ಕರ್ನಾಟಕದ ಎಷ್ಟೋ ಸಮುದಾಯಗಳಲ್ಲಿ ಪಂಚರ ಮುಂದೆ ಸೋಡಚೀಟಿ ಕೊಟ್ಟು ಬೇರೆಯಾಗುವುದಿತ್ತು. ಬೇರೆಯಾದ ಹೆಣ್ಣಿಗೆ ಉಡಿಕೆಯ ಮದುವೆಯೂ ಇತ್ತು. ಕಾನೂನು ಕೂಡ ಇದನ್ನು ಅಳಿಸಿಹಾಕಲಿಲ್ಲ: 1955ರ ಹಿಂದೂ ವಿವಾಹ ಕಾಯಿದೆಯ 29ನೇ ಕಲಮು ರೂಢಿಯ ವಿಚ್ಛೇದನಗಳನ್ನು ಹಾಗೇ ಉಳಿಸಿದೆ. ಹಾಗಂತ ಪಂಚಾಯಿತಿ ಹಗುರವಾದ ಜಾಗವೇನೂ ಆಗಿರಲಿಲ್ಲ. ಅಲ್ಲಿ ಹೆಣ್ಣಿನ ಪರವಾಗಿ ಮಾತಾಡುವವರು ಅಣ್ಣನೋ ಸೋದರಮಾವನೋ ಆಗಿರುತ್ತಿದ್ದರು. ಅವರಿಲ್ಲದವಳ ಮಾತಿಗೆ ತೂಕ ಕಡಿಮೆ. ಒಬ್ಬರ ಪರವಾಗಿ ಇನ್ನೊಬ್ಬರು ಮಾತಾಡುವುದು ಬ್ರಿಟಿಷ್ ಕೋರ್ಟು ಹುಟ್ಟುಹಾಕಿದ ರೂಢಿಯಲ್ಲ.

ಬರಹದ ಕಾನೂನು ಬಂದದ್ದು ತುಂಡುತುಂಡಾಗಿ. 1947ರ ಬಾಂಬೆ ಹಿಂದೂ ವಿಚ್ಛೇದನ ಕಾಯಿದೆ ಅಂದಿನ ಮುಂಬೈ ಪ್ರಾಂತ್ಯದಲ್ಲಿದ್ದ ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡಗಳಿಗೆ ಅನ್ವಯಿಸಿತು. 1949ರಲ್ಲಿ ಮದ್ರಾಸು ತನ್ನ ಕಾಯಿದೆ ತಂದಾಗ ಕಾಸರಗೋಡನ್ನೂ ಒಳಗೊಂಡ ದಕ್ಷಿಣ ಕನ್ನಡ ಅದರೊಳಗೆ ಬಂತು. ಮೈಸೂರು ಸಂಸ್ಥಾನದ 1933ರ ಕಾಯಿದೆಯ ಗಮನವಿದ್ದದ್ದು ಮುಖ್ಯವಾಗಿ ಹೆಣ್ಣುಮಕ್ಕಳ ಆಸ್ತಿಯ ಹಕ್ಕಿನ ಮೇಲೆ. ಕನ್ನಡ ಮಾತಾಡುವ ಹೆಂಗಸೊಬ್ಬಳು ಕೆಟ್ಟ ಮದುವೆಯಿಂದ ಹೊರಬರಬಹುದೇ ಇಲ್ಲವೇ ಎಂಬುದು ಅವಳು ಯಾವ ಗಡಿಯ ಯಾವ ಬದಿಯಲ್ಲಿದ್ದಳು ಎಂಬುದರ ಮೇಲೆ ನಿಂತಿತ್ತು.

ಇಡೀ ದೇಶಕ್ಕೆ ಒಂದೇ ಕಾನೂನು ಬರೆಯುವ ಕೆಲಸಕ್ಕೆ ಕೈಹಾಕಿದ ಹಿಂದೂ ಕಾನೂನು ಸಮಿತಿಯ ಅಧ್ಯಕ್ಷರಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. 1941ರಲ್ಲಿ ರಚನೆಯಾಗಿ 1944ರಲ್ಲಿ ಮತ್ತೆ ಜೀವ ಪಡೆದ ಈ ಸಮಿತಿ ಊರೂರು ಸುತ್ತಿ ಸಾಕ್ಷ್ಯ ಕೇಳಿತು. ಸದಸ್ಯರಲ್ಲೊಬ್ಬರಾದ ದ್ವಾರಕಾನಾಥ ಮಿತ್ತರ್ ಭಿನ್ನಮತ ದಾಖಲಿಸಿದರು. ವರದಿ 1947ರಲ್ಲಿ ದೆಹಲಿ ಸೇರಿತು. ಅದನ್ನು ಮಸೂದೆಯಾಗಿ ಮುಂದಕ್ಕೊಯ್ದ ಅಂಬೇಡ್ಕರ್, ಅದು ನೆನೆಗುದಿಗೆ ಬಿದ್ದದ್ದನ್ನು ಕಂಡು 1951ರ ಸೆಪ್ಟೆಂಬರಿನಲ್ಲಿ ರಾಜೀನಾಮೆ ಕೊಟ್ಟರು. ಕೊನೆಗೆ ಅದನ್ನು ನಾಲ್ಕಾಗಿ ಒಡೆದು, ಮೊದಲ ತುಂಡಾದ ಹಿಂದೂ ವಿವಾಹ ಕಾಯಿದೆಯನ್ನು 1955ರ ಮೇ ತಿಂಗಳಲ್ಲಿ ಜಾರಿಗೆ ತಂದರು.

ವಿರೋಧಿಗಳನ್ನು ಒಪ್ಪಿಸುವ ಹೆಣಗಾಟದಲ್ಲಿ ಹುಟ್ಟಿದ ಆ ಕಾಯಿದೆ ಬಾಗಿಲನ್ನು ತೆರೆಯಿತು, ಆದರೆ ಬಹಳ ಕಿರಿದಾಗಿ. ಬೇರೆಯಾಗಬೇಕೆಂದರೆ ಎದುರಿನವರ ತಪ್ಪು ತೋರಿಸಬೇಕು. ಕ್ರೌರ್ಯ ಸಾಬೀತಾದರೂ ಸಿಗುತ್ತಿದ್ದದ್ದು ಬೇರೆ ವಾಸಕ್ಕೆ ಅನುಮತಿಯೇ ಹೊರತು ವಿಚ್ಛೇದನವಲ್ಲ. ತಪ್ಪು ತೋರಿಸಬೇಕು ಎಂದಾದ ಮೇಲೆ ಸಾಕ್ಷಿ ಬೇಕು, ದಾಖಲೆ ಬೇಕು, ಪಾಟೀಸವಾಲು ಬೇಕು. ವಕೀಲರು ಒಳಗೆ ಬಂದದ್ದು ಈ ಬಾಗಿಲಿನಿಂದ.

ಇದು ಏನಾಗಬಹುದೆಂಬುದಕ್ಕೆ ದಾಸ್ತಾನೆ ಪ್ರಕರಣ ಸಾಕ್ಷಿ. 1956ರಲ್ಲಿ ಮದುವೆಯಾದ ಈ ದಂಪತಿಯ ಸಂಸಾರ ಶುರುವಾದದ್ದು ಬೆಳಗಾವಿ ಜಿಲ್ಲೆಯ ಅರಭಾವಿಯಲ್ಲಿ. ಕೃಷಿ ವಿಜ್ಞಾನಿಯಾಗಿದ್ದ ಗಂಡನಿಗೆ ಮುಂದೆ ಪುಣೆಗೆ ವರ್ಗವಾಯಿತು. 1958ರಲ್ಲಿ ದೆಹಲಿಯ ಪೂಸಾ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. 1961ರಲ್ಲಿ ಇಬ್ಬರೂ ದೂರವಾದರು. 1962ರಲ್ಲಿ ಪುಣೆಯ ಕೋರ್ಟಿಗೆ ಹೋದ ಗಂಡ ಒಂದೇ ಅರ್ಜಿಯಲ್ಲಿ ಮೂರು ಬೇಡಿಕೆ ಇಟ್ಟ: ಮೋಸದ ಮದುವೆಯೆಂದು ರದ್ದುಮಾಡಿ, ಇಲ್ಲವೇ ಹೆಂಡತಿಯ ಬುದ್ಧಿ ಸ್ವಾಧೀನದಲ್ಲಿಲ್ಲವೆಂದು ವಿಚ್ಛೇದನ ಕೊಡಿ, ಇಲ್ಲವೇ ಕ್ರೌರ್ಯಕ್ಕಾಗಿ ಬೇರೆ ವಾಸಕ್ಕೆ ಬಿಡಿ. ಮನೆಯೊಳಗೆ ಬರೆದುಕೊಂಡ ಕಾಗದಪತ್ರಗಳೆಲ್ಲ ಕೋರ್ಟಿನ ದಾಖಲೆಗಳಾದವು. ಕೆಳಗಿನ ಕೋರ್ಟು ಒಂದು ಹೇಳಿತು, ಮೇಲಿನದು ಇನ್ನೊಂದು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡ್ ತೀರ್ಪು ಬರೆದದ್ದು 1975ರ ಮಾರ್ಚಿನಲ್ಲಿ, ಹದಿಮೂರು ವರ್ಷಗಳ ನಂತರ. ಮದುವೆಯ ದಾವೆಯಲ್ಲಿ ಕೊಲೆ ಮೊಕದ್ದಮೆಯ ಮಟ್ಟದ ಪುರಾವೆ ಬೇಕಿಲ್ಲ, ಯಾವುದು ಹೆಚ್ಚು ಸಂಭವವೋ ಅದನ್ನು ನಂಬಿದರೆ ಸಾಕು ಎಂಬ ಸೂತ್ರ ಇಂದಿಗೂ ಆಧಾರವಾಗಿರುವುದು ಆ ತೀರ್ಪಿನಿಂದಲೇ. ಆದರೆ ಆ ಗಂಡನಿಗೆ ಸಿಕ್ಕಿದ್ದೇನು? ಕ್ರೌರ್ಯ ಸಾಬೀತಾಗಿದೆ, ಆಮೇಲೂ ಜತೆಗೆ ಬಾಳಿ ಅದನ್ನು ಕ್ಷಮಿಸಿಯೂ ಆಗಿದೆ, ಆದ್ದರಿಂದ ಪರಿಹಾರವಿಲ್ಲ ಎಂಬ ಉತ್ತರ.

ಮರುವರ್ಷವೇ, 1976ರಲ್ಲಿ, ಕಾಯಿದೆ ಬದಲಾಯಿತು. ಕ್ರೌರ್ಯ ಮತ್ತು ಪರಿತ್ಯಾಗ ವಿಚ್ಛೇದನಕ್ಕೇ ಕಾರಣಗಳಾದವು. ಇಬ್ಬರೂ ಒಪ್ಪಿ ಬೇರೆಯಾಗುವ ದಾರಿಯೂ ತೆರೆಯಿತು. ಅಂದಿನಿಂದ ದಾರಿ ಎರಡು ಕವಲಾಗಿದೆ. ಒಪ್ಪಿದವರದು ತಿಂಗಳುಗಳ ದಾರಿ. ಒಬ್ಬರು ಒಪ್ಪದಿದ್ದರೆ ವರ್ಷಗಳದು. ಆರು ತಿಂಗಳೊಳಗೆ ವಿಚಾರಣೆ ಮುಗಿಸಲು ಯತ್ನಿಸಬೇಕೆಂದು ಅದೇ ತಿದ್ದುಪಡಿ ಹೇಳಿತ್ತು. ಅದು ಹೆಚ್ಚಿನ ಮಟ್ಟಿಗೆ ಕಾಗದದ ಮೇಲೇ ಉಳಿಯಿತು.

ಈ ದಣಿವಿನಿಂದಲೇ 1984ರ ಕನಸು ಹುಟ್ಟಿತು. ಕುಟುಂಬದ ವ್ಯಾಜ್ಯವನ್ನು ಸಾಮಾನ್ಯ ಸಿವಿಲ್ ದಾವೆಯಂತೆ ನಡೆಸಬಾರದೆಂದು ಕಾನೂನು ಆಯೋಗ 1974ರ ತನ್ನ 59ನೇ ವರದಿಯಲ್ಲೇ ಹೇಳಿತ್ತು. ಮಹಿಳಾ ಸಂಘಟನೆಗಳೂ ಬೇರೆ ಕೋರ್ಟು ಕೇಳಿದ್ದವು. ಹೊಸ ಕಾಯಿದೆ ರಾಜಿಗೆ ಮೊದಲ ಸ್ಥಾನ ಕೊಟ್ಟಿತು, ಸಾಕ್ಷ್ಯದ ಕಟ್ಟುಪಾಡು ಸಡಿಲಿಸಿತು, ಆಪ್ತಸಲಹೆಗಾರರನ್ನು ಒಳಗೆ ಕರೆಯಿತು, ವಕೀಲರನ್ನು ಹೊಸಿಲಲ್ಲಿ ನಿಲ್ಲಿಸಿತು. ಅದರ ಹಿಂದಿದ್ದದ್ದು ಸರಳ ನಂಬಿಕೆ: ವಕೀಲರಿಲ್ಲದಿದ್ದರೆ ಜಗಳ ಕಿರಿದಾಗುತ್ತದೆ, ಹೆಂಗಸು ಧೈರ್ಯವಾಗಿ ಮಾತಾಡುತ್ತಾಳೆ.

ನಂಬಿಕೆ ಕೆಟ್ಟದ್ದಲ್ಲ. ಆದರೆ ಅದು ಬಿದ್ದದ್ದು ಹಳೆಯ ಕಾಯಿದೆಯ ಮೇಲೆಯೇ. ಕೋರ್ಟು ಹೊಸದಾಯಿತು, ತಪ್ಪು ಸಾಬೀತುಪಡಿಸಬೇಕೆಂಬ ನಿಯಮ ಹಾಗೇ ಇತ್ತು. ಅರ್ಜಿಯನ್ನು ಕಾನೂನಿನ ಭಾಷೆಯಲ್ಲೇ ಬರೆಯಬೇಕು, ಎದುರಿನವರ ಸಾಕ್ಷಿಯನ್ನು ತಾನೇ ಪ್ರಶ್ನಿಸಬೇಕು. ಬೀದರಿನಿಂದಲೋ ಶಿರಸಿಯಿಂದಲೋ ಮದುವೆಯಾಗಿ ದೆಹಲಿಗೆ ಬಂದ ಹೆಂಗಸಿಗೆ ಇದರ ಜತೆ ಇನ್ನೊಂದು ಗೋಡೆ. ಕರ್ನಾಟಕದ ಕೆಳ ನ್ಯಾಯಾಲಯದಲ್ಲಾದರೆ ಕನ್ನಡದಲ್ಲೇ ಹೇಳಿಕೊಳ್ಳಬಹುದು. ದೆಹಲಿಯಲ್ಲಿ ಮಾತು ಹಿಂದಿ, ದಾಖಲೆ ಇಂಗ್ಲಿಷ್. ಅತ್ತೆ ‘ದಿನಾ ಕುಟುಕುತ್ತಿದ್ದರು’ ಎಂಬ ಮಾತಿನಲ್ಲಿ ಹಲವು ವರ್ಷಗಳ ನೋವಿರುತ್ತದೆ. ದಾಖಲೆಗೆ ಇಳಿಯುವಾಗ ಅದು ದಿನಾಂಕವಿಲ್ಲದ ಒಂದು ಸಾಮಾನ್ಯ ಆರೋಪವಾಗಿಬಿಡಬಹುದು. ತನ್ನ ಮಾತನ್ನು ತಾನೇ ಆಡು ಎನ್ನುವುದು ಆ ಮಾತು ಕೋರ್ಟಿಗೆ ತಿಳಿಯುವಂತಿದ್ದಾಗ ಮಾತ್ರ ನ್ಯಾಯ. ಅನುಮತಿ ಕೇಳುವುದು, ಅನುಮತಿ ಸಿಗುವುದು ಹೀಗೆ ರೂಢಿಯಾಯಿತು. ರಾಜಿಯ ಒತ್ತಡ ಹಲವು ಬಾರಿ ಹೆಂಗಸಿನ ಹಕ್ಕನ್ನೇ ಮಸುಕಾಗಿಸುತ್ತದೆ ಎಂದು ಮಂಗಳೂರು ಹಿನ್ನೆಲೆಯ ವಕೀಲೆ ಫ್ಲೇವಿಯಾ ಆಗ್ನೆಸ್ ಅವರಂಥವರು ಎಚ್ಚರಿಸುತ್ತಲೇ ಬಂದಿದ್ದಾರೆ.

ಹಾಗೆಂದು ಕಾಯಿದೆ ಬರೆದವರ ಅಳುಕು ಸುಳ್ಳಾಗಿರಲಿಲ್ಲ. 1985ರಲ್ಲಿ ದೆಹಲಿಯಲ್ಲಿ ಶುರುವಾದ ಭಗತ್ ಪ್ರಕರಣ ಅದಕ್ಕೆ ಉದಾಹರಣೆ. ಗಂಡ ಸ್ವತಃ ವಕೀಲ. ಹೆಂಡತಿ ಸಾರ್ವಜನಿಕ ಉದ್ಯಮವೊಂದರ ಹಿರಿಯ ಅಧಿಕಾರಿ. ಹೆಂಡತಿಗೆ ಬೇರೆ ಸಂಬಂಧವಿದೆ ಎಂದು ಅವನು ದಾವೆ ಹೂಡಿದ. ಅವಳ ಉತ್ತರದಲ್ಲಿ ಗಂಡನಿಗೆ ಮಾನಸಿಕ ಕಾಯಿಲೆ ಇದೆ ಎಂದಿತ್ತು. ಪಾಟೀಸವಾಲಿನಲ್ಲಿ ಅವಳ ವಕೀಲರು ಅವನ ಇಡೀ ಮನೆತನದಲ್ಲೇ ಹುಚ್ಚು ಇದೆ ಎಂಬರ್ಥದ ಪ್ರಶ್ನೆ ಹಾಕಿದರು. 1993ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಮದುವೆಯನ್ನು ಕೊನೆಗೊಳಿಸಿತು. ಗಂಡನ ಮೂಲ ಆರೋಪ ಸಾಬೀತಾಗಿರಲಿಲ್ಲ. ವಿಚ್ಛೇದನಕ್ಕೆ ಆಧಾರವಾದದ್ದು ಹೆಂಡತಿಯ ಪರವಾಗಿ ಕೋರ್ಟಿನಲ್ಲಿ ಬರೆದ, ಕೇಳಿದ ಮಾತುಗಳೇ. ಅವೇ ಮಾನಸಿಕ ಕ್ರೌರ್ಯ ಎಂದಿತು ತೀರ್ಪು.

ಒಪ್ಪದ ವಿಚ್ಛೇದನದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಪಾಠ ಸಿಗುವುದು ಕಷ್ಟ. ವಕೀಲರು ಬರೆದದ್ದು ಕಕ್ಷಿದಾರರು ಆಡಿದ ಮಾತಾಗುತ್ತದೆ. ಗೆಲ್ಲಿಸಲೆಂದು ಸೇರಿಸಿದ ಒಂದು ಸಾಲು ಸೋಲಿಸಬಹುದು. ‘ಎದುರಿನವರನ್ನು ನೀರಿಳಿಸುತ್ತೇನೆ’ ಎನ್ನುವ ವಕೀಲರಿಗಿಂತ, ಸಹಿ ಮಾಡುವ ಮುನ್ನ ಅರ್ಜಿಯ ಪ್ರತಿ ಸಾಲನ್ನೂ ತಿಳಿಯುವ ಭಾಷೆಯಲ್ಲಿ ಓದಿ ಹೇಳುವ ವಕೀಲರು ಮೇಲು ಎಂಬುದು ಬರೀ ನೀತಿಯಲ್ಲ, ಲೆಕ್ಕಾಚಾರವೂ ಹೌದು.

ರಾಜಧಾನಿ ಪ್ರದೇಶದಲ್ಲಿ ಮತ್ತೊಂದು ತೊಡಕಿದೆ, ಗಡಿಯದು. ಮೆಟ್ರೋದ ನೀಲಿ ಮಾರ್ಗ ನೋಯ್ಡಾದಿಂದ ದ್ವಾರಕಾಕ್ಕೆ, ಹಳದಿ ಮಾರ್ಗ ದೆಹಲಿಯಿಂದ ಗುರುಗ್ರಾಮಕ್ಕೆ ಸಲೀಸಾಗಿ ಓಡುತ್ತವೆ. ಆದರೆ ನೋಯ್ಡಾ ಅಲಹಾಬಾದ್ ಹೈಕೋರ್ಟಿನ ಕೆಳಗೆ, ಗುರುಗ್ರಾಮ ಪಂಜಾಬ್-ಹರಿಯಾಣ ಹೈಕೋರ್ಟಿನ ಕೆಳಗೆ. ಮದುವೆ ಎಲ್ಲಿ ನಡೆಯಿತು, ಕೊನೆಗೆ ಎಲ್ಲಿ ಜತೆಗಿದ್ದರು, ಎದುರುದಾರರು ಎಲ್ಲಿದ್ದಾರೆ ಎಂಬುದರ ಮೇಲೆ ದಾವೆಯ ಜಾಗ ನಿಂತಿದೆ. 2003ರಿಂದ ಹೆಂಡತಿ ತಾನಿರುವ ಊರಿನಲ್ಲೇ ಹೂಡಬಹುದು. ಹುಬ್ಬಳ್ಳಿಯಲ್ಲಿ ಮದುವೆ, ಗುರುಗ್ರಾಮದಲ್ಲಿ ಸಂಸಾರ, ಮೈಸೂರಿನ ತವರಿಗೆ ಮರಳಿದ ಹೆಂಡತಿ ಎಂದಾದರೆ ಮೂರೂ ಊರುಗಳು ಸಾಧ್ಯ. ಗಂಡ ಗುರುಗ್ರಾಮದಲ್ಲಿ ಹೂಡಿದ ದಾವೆಯನ್ನು ಮೈಸೂರಿಗೆ ತರಿಸಲು ಅವಳು ಹೋಗಬೇಕಾದದ್ದು ಮತ್ತೆ ದೆಹಲಿಯ ಸುಪ್ರೀಂ ಕೋರ್ಟಿಗೇ. ವಿಡಿಯೊ ಮೂಲಕ ವಿಚಾರಣೆ ನಡೆಸಿದರೆ ಈ ಓಡಾಟ ತಪ್ಪುತ್ತದಲ್ಲ ಎಂಬ ಪ್ರಶ್ನೆ 2017ರಲ್ಲಿ ಶಾಂತಿನಿ ಪ್ರಕರಣದಲ್ಲಿ ಬಂತು. ರಾಜಿ ಮುರಿದುಬಿದ್ದ ಮೇಲೆ ಇಬ್ಬರೂ ಒಪ್ಪಿದರೆ ಮಾತ್ರ ಎಂದು ಇಬ್ಬರು ನ್ಯಾಯಮೂರ್ತಿಗಳು ಹೇಳಿದರು. ಭಿನ್ನಮತ ಬರೆದವರು ಡಿ. ವೈ. ಚಂದ್ರಚೂಡ್, ದಾಸ್ತಾನೆ ತೀರ್ಪು ಬರೆದವರ ಮಗ.

ಈ ದೀರ್ಘ ದಾರಿಯಲ್ಲಿ ಕಾನೂನು ಕೆಲವು ಊರುಗೋಲುಗಳನ್ನೂ ಕೊಟ್ಟಿದೆ. ಅವು ಅನೇಕರಿಗೆ ತಿಳಿಯುವುದು ದುಡ್ಡು ಮುಗಿದ ಮೇಲೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಡಿ ಹೆಂಗಸರಿಗೆ ಉಚಿತ ವಕೀಲರು ಸಿಗುತ್ತಾರೆ. ವರಮಾನದ ಮಿತಿ ಅವರಿಗಿಲ್ಲ. ವಿವಾಹ ಕಾಯಿದೆಯ 24ನೇ ಕಲಮಿನಡಿ ಸಾಕಷ್ಟು ಆದಾಯವಿಲ್ಲದವರು, ಗಂಡನಾಗಲಿ ಹೆಂಡತಿಯಾಗಲಿ, ದಾವೆಯ ಖರ್ಚನ್ನೂ ಮಧ್ಯಂತರ ಜೀವನಾಂಶವನ್ನೂ ಎದುರಿನವರಿಂದ ಕೇಳಬಹುದು. ಸಂಬಳ, ಸಾಲ, ಆಸ್ತಿ ಎಲ್ಲವನ್ನೂ ಇಬ್ಬರೂ ಪ್ರಮಾಣಪತ್ರದಲ್ಲಿ ಬಿಚ್ಚಿಡಬೇಕು ಎಂದು ಸುಪ್ರೀಂ ಕೋರ್ಟು 2020ರ ನವೆಂಬರಿನಲ್ಲಿ ಆದೇಶಿಸಿತು. ಸಿಗುವ ಹಣದಲ್ಲಿ ಪಾಲು ಎಂಬ ಕರಾರಿನ ಮೇಲೆ ವಕೀಲರು ಫೀಸು ಕೇಳುವಂತಿಲ್ಲ. ಅದಕ್ಕೆ ಬಾರ್ ಕೌನ್ಸಿಲ್ ನಿಯಮದ ತಡೆಯಿದೆ. ಫೀಸು ಬಾಕಿಯಿದೆಯೆಂದು ಕಕ್ಷಿದಾರರ ಕಾಗದಪತ್ರ ಹಿಡಿದಿಟ್ಟುಕೊಳ್ಳುವಂತೆಯೂ ಇಲ್ಲ ಎಂದು ಸುಪ್ರೀಂ ಕೋರ್ಟು 2000ದಲ್ಲಿ ತೀರ್ಪು ಕೊಟ್ಟಿದೆ. ವಕಾಲತ್ತು ಕೊಟ್ಟವರು ಅದನ್ನು ಹಿಂದಕ್ಕೂ ಪಡೆಯಬಹುದು.

ಮೂಲದ ರೋಗ ಮಾತ್ರ ಹಾಗೇ ಇದೆ. ಸರಿಪಡಿಸಲಾಗದಷ್ಟು ಮುರಿದ ಮದುವೆಯನ್ನು ಯಾರ ತಪ್ಪನ್ನೂ ಕೆದಕದೆ ಮುಗಿಸಬೇಕೆಂದು ಕಾನೂನು ಆಯೋಗ ತನ್ನ 71ನೇ ವರದಿಯಲ್ಲಿ ಹೇಳಿದ್ದು 1978ರಲ್ಲಿ. ಅದಕ್ಕಾಗಿ ತಂದ ಮಸೂದೆ 2013ರಲ್ಲಿ ರಾಜ್ಯಸಭೆ ದಾಟಿ, ಮುಂದೆ ಬಿದ್ದುಹೋಯಿತು. 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಸಂವಿಧಾನದ 142ನೇ ವಿಧಿಯಡಿ ತಾನು ಹಾಗೆ ಮಾಡಬಹುದು ಎಂದಿತು. ಆದರೆ ಆ ಅಧಿಕಾರ ಸುಪ್ರೀಂ ಕೋರ್ಟಿನದು ಮಾತ್ರ, ದ್ವಾರಕಾದ ನ್ಯಾಯಾಧೀಶರದಲ್ಲ. ಕೆಳಗಿನ ಕೋರ್ಟಿನಲ್ಲಿ ಇಂದಿಗೂ ತಪ್ಪು ತೋರಿಸಲೇಬೇಕು.

1984ರ ಕನಸು ಸೋತದ್ದು ವಕೀಲರ ದುರಾಸೆಯಿಂದ ಎನ್ನುವುದು ಸುಲಭ. ನಿಜ ಬೇರೆ ಇದೆ: ಜಗಳವಾಡಲೇಬೇಕಾದ ಕಾನೂನನ್ನು ಹಾಗೇ ಇಟ್ಟು, ಜಗಳವಾಡಲು ಬಲ್ಲವರನ್ನಷ್ಟೇ ಹೊರಗಿಟ್ಟರೆ ನಷ್ಟವಾಗುವುದು ಮಾತು ಬಾರದವರಿಗೆ. ತಪ್ಪು ಹುಡುಕುವ ಕೆಲಸ ಕಾನೂನಿನಿಂದ ಹೋಗುವ ತನಕ ಒಳ್ಳೆಯ ವಕೀಲರು ಬೇಕೇ ಬೇಕು. ಅದು ಹೋದ ದಿನ, 13ನೇ ಕಲಮನ್ನು ಮತ್ತೊಮ್ಮೆ ಓದಿ ನೋಡಬಹುದು.