ಹಳೆಯ ವಿಂಡೋಸ್‌ನಲ್ಲಿ ಪೆನ್‌ಡ್ರೈವ್ ಬಳಕೆ

ಪೆನ್‌ಡ್ರೈವ್ ಬಳಕೆಗೆ ಬರುವ ಮೊದಲೇ ತಯಾರಾದ, ಇಲ್ಲವೇ ತಯಾರಕರ ಬೆಂಬಲ ನಿಂತುಹೋದ ಆಪರೇಟಿಂಗ್ ಸಿಸ್ಟಮ್ ಇರುವ ಕಂಪ್ಯೂಟರಿನಲ್ಲಿ ಪೆನ್‌ಡ್ರೈವನ್ನು ಓದಿಸುವ, ಅದಕ್ಕೆ ಬರೆಯಿಸುವ ಕ್ರಮಗಳು ಈ ಲೇಖನದ ವಿಷಯ. ಕರ್ನಾಟಕದ ಮಟ್ಟಿಗೆ ಈ ಪ್ರಶ್ನೆ ಹೆಚ್ಚಾಗಿ ವಿಂಡೋಸ್ 98 ಮತ್ತು ವಿಂಡೋಸ್ ಎಕ್ಸ್‌ಪಿಗೆ, ಅದರಲ್ಲೂ ಡಿಟಿಪಿ ಕೇಂದ್ರಗಳಿಗೆ ಸಂಬಂಧಿಸಿದ್ದು. ಪೆನ್‌ಡ್ರೈವ್ ಸಿಕ್ಕಿಸಿದಾಗ ಏನೂ ಕಾಣದಿದ್ದರೆ ‘ಸಿಸ್ಟಮ್ ಹಳೇದಾಯ್ತು’ ಎಂದು ಕೈಬಿಡುವುದು ರೂಢಿ. ಆದರೆ ತಡೆ ಪೋರ್ಟ್, ಡ್ರೈವರ್, ಫೈಲ್ ಸಿಸ್ಟಮ್ ಈ ಮೂರರಲ್ಲಿ ಯಾವುದರಲ್ಲಾದರೂ ಇರಬಹುದು; ಕನ್ನಡ ಬಳಸುವವರಿಗೆ ಲಿಪಿಸಂಕೇತ ಎಂಬ ನಾಲ್ಕನೆಯ ತಡೆಯೂ ಇದೆ. ಈ ನಾಲ್ಕನ್ನು ಬೇರೆಬೇರೆಯಾಗಿ ನೋಡಿದರೆ ಬಹುಪಾಲು ಯಂತ್ರಗಳಲ್ಲಿ ಕೆಲಸ ಸಾಧ್ಯವಾಗುತ್ತದೆ.

ಹಿನ್ನೆಲೆ

ಯುಎಸ್‌ಬಿಯ ಮೊದಲ ನಿಯಮಾವಳಿ ಬಂದದ್ದು 1996ರ ಜನವರಿಯಲ್ಲಿ. ಸೆಕೆಂಡಿಗೆ 12 ಮೆಗಾಬಿಟ್ ವೇಗದ ಆ ಪೋರ್ಟ್ ಮುಖ್ಯವಾಗಿ ಕೀಬೋರ್ಡ್, ಮೌಸ್, ಪ್ರಿಂಟರ್‌ಗಳಿಗೆಂದು ಬಳಕೆಯಾಯಿತು. 480 ಮೆಗಾಬಿಟ್ ವೇಗದ ಎರಡನೆಯ ಆವೃತ್ತಿ 2000ದ ಏಪ್ರಿಲ್‌ನಲ್ಲಿ ಹೊರಬಂತು. ಪೆನ್‌ಡ್ರೈವ್ ಮಾರುಕಟ್ಟೆಗೆ ಬಂದದ್ದೂ ಅದೇ ವರ್ಷ. ಐಬಿಎಂ ಹೆಸರಿನಲ್ಲಿ ಮಾರಾಟವಾದ ‘ಡಿಸ್ಕ್‌ಆನ್‌ಕೀ’ಯಲ್ಲಿ ಹಿಡಿಯುತ್ತಿದ್ದುದು 8 ಮೆಗಾಬೈಟ್ ಮಾತ್ರ. 1.44 ಮೆಗಾಬೈಟಿನ ಫ್ಲಾಪಿಗೆ ಹೋಲಿಸಿದರೆ ಅದೂ ದೊಡ್ಡದೇ. ಚಿತ್ರಗಳಿರುವ ಪುಟವೊಂದನ್ನು ಹಲವು ಫ್ಲಾಪಿಗಳಿಗೆ ಹಂಚಿ ಒಯ್ಯಬೇಕಿದ್ದ ಮುದ್ರಣದವರಿಗೆ ಈ ವ್ಯತ್ಯಾಸದ ಬೆಲೆ ಚೆನ್ನಾಗಿ ಗೊತ್ತಿತ್ತು.

ಡ್ರೈವರ್‌ನ ಪ್ರಶ್ನೆ

ವಿಂಡೋಸ್ 98ಕ್ಕೆ ಯುಎಸ್‌ಬಿ ಗೊತ್ತೇ ಇಲ್ಲ ಎಂಬ ಮಾತು ತಪ್ಪು. 1998ರ ಜೂನ್‌ನಲ್ಲಿ ಬಂದ ಆ ಆವೃತ್ತಿಯಲ್ಲಿ ಯುಎಸ್‌ಬಿ ಪೋರ್ಟಿಗೆ ಬೇಕಾದುದೆಲ್ಲ ಇದೆ. ಆ ಪೋರ್ಟಿನ ಮೂಲಕ ಬರುವ ಸಾಧನವನ್ನು ಡಿಸ್ಕ್ ಎಂದು ನಡೆಸಿಕೊಳ್ಳುವ ಸಾಮಾನ್ಯ ಡ್ರೈವರ್ ಮಾತ್ರ ಇಲ್ಲ. ಕಾರಣ ಕಾಲಗಣನೆಯಲ್ಲೇ ಇದೆ. ಇಂದಿನ ಬಹುತೇಕ ಪೆನ್‌ಡ್ರೈವ್‌ಗಳು ಅನುಸರಿಸುವ ‘ಬಲ್ಕ್ ಓನ್ಲಿ’ ಎಂಬ ಸಾಗಣೆ ನಿಯಮಾವಳಿಯ 1.0 ಆವೃತ್ತಿಯ ಮೇಲೆ 1999ರ ಸೆಪ್ಟೆಂಬರ್ 31 ಎಂಬ, ಯಾವ ಪಂಚಾಂಗದಲ್ಲೂ ಇಲ್ಲದ ದಿನಾಂಕವಿದೆ. ಅಷ್ಟರೊಳಗೆ ವಿಂಡೋಸ್ 98ರ ಎರಡನೆಯ ಆವೃತ್ತಿಯೂ ಹೊರಬಿದ್ದಾಗಿತ್ತು. ನಿಯಮ ಅಂತಿಮವಾಗುವ ಮುನ್ನ ಬಂದ ಸಿಸ್ಟಮ್ ಆ ನಿಯಮವನ್ನು ಪಾಲಿಸಲಿಲ್ಲ ಎಂದು ದೂರುವಂತಿಲ್ಲ. 2000ದಲ್ಲಿ ಬಂದ ವಿಂಡೋಸ್ 2000 ಮತ್ತು ಎಂಇ ಆವೃತ್ತಿಗಳಲ್ಲಿ ಈ ಡ್ರೈವರ್ ಅಡಕವಾಗಿತ್ತು. 1996ರ ಎನ್‌ಟಿ 4.0ರಲ್ಲಿ ಯುಎಸ್‌ಬಿ ಬೆಂಬಲವೇ ಇರಲಿಲ್ಲ.

ಒಳಗೆ ನಡೆಯುವ ವ್ಯವಹಾರ ಹೀಗಿದೆ. ಸಿಕ್ಕಿಸಿದ ಕೂಡಲೇ ಪೆನ್‌ಡ್ರೈವ್ ಎರಡು ಬಗೆಯ ಗುರುತು ಹೇಳುತ್ತದೆ. ಮೊದಲನೆಯದು ತಯಾರಕರ ಸಂಖ್ಯೆ ಮತ್ತು ಮಾದರಿಯ ಸಂಖ್ಯೆ. ಸ್ಯಾನ್‌ಡಿಸ್ಕ್‌ನ ತಯಾರಕ ಸಂಖ್ಯೆ 0781, ಕಿಂಗ್‌ಸ್ಟನ್‌ನದು 0951. ಎರಡನೆಯದು ಸಾಧನದ ಜಾತಿ: ವರ್ಗ 08, ಉಪವರ್ಗ 06, ಪ್ರೋಟೊಕಾಲ್ 50. ವಿಂಡೋಸ್ ಎಂಇ ಮತ್ತು ನಂತರದವು ಎರಡನೆಯ ಗುರುತು ಹೊಂದಿದರೆ ಸಾಕೆಂದು ಯಾವ ಕಂಪನಿಯ ಡ್ರೈವನ್ನಾದರೂ ಒಪ್ಪಿಕೊಳ್ಳುತ್ತವೆ. ಆಮೇಲೆ ಕಂಪ್ಯೂಟರ್ 31 ಬೈಟುಗಳ ಒಂದು ಆಜ್ಞೆ ಕಳಿಸುತ್ತದೆ, ದತ್ತಾಂಶ ಬರುತ್ತದೆ ಅಥವಾ ಹೋಗುತ್ತದೆ, ಕೊನೆಗೆ ಪೆನ್‌ಡ್ರೈವ್ 13 ಬೈಟುಗಳ ಉತ್ತರದಲ್ಲಿ ಕೆಲಸ ಆಯಿತೋ ಇಲ್ಲವೋ ತಿಳಿಸುತ್ತದೆ. ವಿಂಡೋಸ್ 98ಕ್ಕೆಂದು ಕಂಪನಿಗಳು ಸಿ.ಡಿ.ಯಲ್ಲಿ ಕೊಡುತ್ತಿದ್ದ ಡ್ರೈವರ್‌ಗಳು ಸಾಮಾನ್ಯವಾಗಿ ಮೊದಲನೆಯ ಗುರುತನ್ನೇ ನೋಡುತ್ತಿದ್ದವು. ಹಾಗಾಗಿ ಒಂದು ಕಂಪನಿಯ ಡ್ರೈವ್ ನಡೆಯುವ ಯಂತ್ರದಲ್ಲಿ ಇನ್ನೊಂದರದು ‘ಹೊಸ ಹಾರ್ಡ್‌ವೇರ್’ ಕಿಟಕಿಯಲ್ಲೇ ನಿಂತುಬಿಡುತ್ತಿತ್ತು. ಎರಡು ಕಂಪನಿಗಳ ಡ್ರೈವರ್ ಹಾಕಿದರೆ ಒಂದಕ್ಕೊಂದು ಅಡ್ಡ ಬರುವುದೂ ಉಂಟು.

ಇದಕ್ಕೆ ಹವ್ಯಾಸಿಗಳು ಕಂಡುಕೊಂಡ ಪರಿಹಾರ ‘ಎನ್‌ಯುಎಸ್‌ಬಿ’ ಎಂಬ ಸಾಮಾನ್ಯ ಡ್ರೈವರ್ ಕಟ್ಟು. ವಿಂಡೋಸ್ ಎಂಇ ಮೊದಲಾದವುಗಳ ಫೈಲುಗಳನ್ನು 98ರ ಎರಡನೆಯ ಆವೃತ್ತಿಗೆ ಹೊಂದಿಸಿ ಇದನ್ನು ಮಾಡಲಾಗಿದೆ. ಹಳೆಯ ಪೆನ್‌ಡ್ರೈವ್ ಡ್ರೈವರ್‌ಗಳನ್ನೂ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತಿನ ಅಪರಿಚಿತ ಸಾಧನಗಳನ್ನೂ ಮೊದಲು ತೆಗೆದುಹಾಕಿ, ಯಾವ ಪೆನ್‌ಡ್ರೈವೂ ಸಿಕ್ಕಿಸಿಲ್ಲದಾಗ ಇದನ್ನು ಸ್ಥಾಪಿಸಿ, ಯಂತ್ರವನ್ನು ಮತ್ತೆ ಆರಂಭಿಸಬೇಕು. ಕೆಟ್ಟಿತೆಂದು ವರದಿಯಾಗುವ ಪ್ರಯತ್ನಗಳಲ್ಲಿ ಹಲವು ಈ ಮೊದಲ ಹೆಜ್ಜೆಯನ್ನು ಬಿಟ್ಟವು. ಆದರೆ ಇದು ಮೈಕ್ರೋಸಾಫ್ಟಿನ ಅಧಿಕೃತ ಬಿಡುಗಡೆಯಲ್ಲ. 98ರ ಮೊದಲ ಆವೃತ್ತಿಗೆ ಇದನ್ನು ಹಾಕುವುದು ಸರಿಯಲ್ಲ. ಹಾಕುವ ಮೊದಲು ಹಾರ್ಡ್‌ಡಿಸ್ಕಿನ ನಕಲು ತೆಗೆದಿಡುವುದು ಲೇಸು.

ಫೈಲ್ ಸಿಸ್ಟಮ್

ಎಕ್ಸ್‌ಪಿಯಲ್ಲಿ ಡ್ರೈವರ್‌ನ ತೊಂದರೆ ಅಪರೂಪ. ಅಲ್ಲಿ ಎಡವುವುದು ಫಾರ್ಮ್ಯಾಟಿನಲ್ಲಿ. ಈಗ ಅಂಗಡಿಯಲ್ಲಿ ಸಿಗುವ 64 ಗಿಗಾಬೈಟ್ ಮತ್ತು ಅದಕ್ಕೂ ದೊಡ್ಡ ಡ್ರೈವ್‌ಗಳು ಅನೇಕವೇಳೆ ಎಕ್ಸ್‌ಫ್ಯಾಟ್ ರೂಪದಲ್ಲಿರುತ್ತವೆ. ಎಕ್ಸ್‌ಪಿಗೆ ಅದನ್ನು ಓದುವ ಪರಿಷ್ಕರಣೆ ಬಂದದ್ದು 2009ರಲ್ಲಿ. 98ಕ್ಕೆ ಬರಲೇ ಇಲ್ಲ. ಓದಲಾಗದ ಡ್ರೈವನ್ನು ಕಂಡಾಗ ಸಿಸ್ಟಮ್ ‘ಫಾರ್ಮ್ಯಾಟ್ ಮಾಡಲೇ’ ಎಂದು ಕೇಳುತ್ತದೆ. ಅದಕ್ಕೆ ಹೌದು ಎಂದರೆ, ಹೊಸ ಯಂತ್ರದಲ್ಲಿ ಸರಿಯಾಗಿ ತೆರೆಯುತ್ತಿದ್ದ ಫೈಲುಗಳೆಲ್ಲ ಕೈತಪ್ಪುತ್ತವೆ. ಫ್ಯಾಟ್32 ರೂಪದ 8 ಗಿಗಾಬೈಟ್ ಒಳಗಿನ ಡ್ರೈವ್ 98ಕ್ಕೂ ಎಕ್ಸ್‌ಪಿಗೂ ಇಂದಿನ ಯಂತ್ರಕ್ಕೂ ಒಗ್ಗುತ್ತದೆ. ಅದರಲ್ಲಿ 4 ಗಿಗಾಬೈಟಿಗಿಂತ ದೊಡ್ಡ ಒಂಟಿ ಫೈಲ್ ಇಡಲಾಗದು ಎಂಬುದಷ್ಟೇ ಮಿತಿ.

ಕನ್ನಡದ ತೊಡಕು, ಭದ್ರಾವತಿಯ ಸಂದರ್ಭ

1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಮತ್ತು 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಗಳಿಂದ ಹೆಸರಾದ ಭದ್ರಾವತಿಯಾಗಲಿ, ಅದಕ್ಕೆ ಸುಮಾರು 20 ಕಿಲೋಮೀಟರ್ ದೂರದ ಶಿವಮೊಗ್ಗವಾಗಲಿ ಈ ವಿಷಯದಲ್ಲಿ ರಾಜ್ಯದ ಇತರ ಪಟ್ಟಣಗಳಿಗಿಂತ ಬೇರೆಯಲ್ಲ. ಮದುವೆ ಪತ್ರಿಕೆ, ಜಾತ್ರೆಯ ಕರಪತ್ರ, ಅಡಿಕೆ ಮಂಡಿಯ ಬಿಲ್ ಪುಸ್ತಕ, ಸ್ಮರಣ ಸಂಚಿಕೆ ಇಂಥ ಕೆಲಸಗಳು ಪೇಜ್‌ಮೇಕರ್‌ನಲ್ಲಿ, ನುಡಿ, ಬರಹ, ಶ್ರೀಲಿಪಿ, ಆಕೃತಿಯಂಥ ತಂತ್ರಾಂಶಗಳ ಫಾಂಟ್‌ಗಳಲ್ಲಿ ಸಿದ್ಧವಾಗುತ್ತಿದ್ದವು. ಬರಹ 1998ರಲ್ಲೂ ಕನ್ನಡ ಗಣಕ ಪರಿಷತ್ತಿನ ನುಡಿ 2001ರಲ್ಲೂ ಬಂದವು. ಆ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳು ಕೂತಿರುತ್ತವೆ. ಫೈಲ್ ಒಂದನ್ನೇ ಪೆನ್‌ಡ್ರೈವ್‌ಗೆ ಹಾಕಿ ಒಯ್ದರೆ, ಫಾಂಟ್ ಇಲ್ಲದ ಯಂತ್ರದಲ್ಲಿ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹೆಸರಿನ ತೊಡಕೂ ಇದೆ. ವಿಂಡೋಸ್ 98ರಲ್ಲಿ ಯೂನಿಕೋಡ್ ಕನ್ನಡಕ್ಕೆ ಬೆಂಬಲವಿಲ್ಲ. ಎಕ್ಸ್‌ಪಿಯಲ್ಲಿ ತುಂಗಾ ಫಾಂಟಿನೊಂದಿಗೆ ಅದು ಬಂತು. ಹೊಸ ಯಂತ್ರದಲ್ಲಿ ‘ಆಮಂತ್ರಣ’ ಎಂದು ಕನ್ನಡದಲ್ಲೇ ಹೆಸರಿಟ್ಟ ಫೈಲ್ 98ರಲ್ಲಿ ಬರೀ ಅಡಿಗೆರೆಗಳ ಸಾಲಾಗಿ ಕಾಣುತ್ತದೆ, ತೆರೆಯದೆಯೂ ಹೋಗಬಹುದು. ಇಂಗ್ಲಿಷ್ ಅಕ್ಷರಗಳ ಚಿಕ್ಕ ಹೆಸರು ಕೊಟ್ಟರೆ ಈ ತಡೆ ಇಲ್ಲ.

ಆಕ್ಷೇಪಗಳು

ಇಷ್ಟೆಲ್ಲ ಪಾಡೇಕೆ, ಹೊಸ ಕಂಪ್ಯೂಟರ್ ಕೊಂಡರಾಯಿತಲ್ಲ ಎಂಬುದು ಮೊದಲ ಆಕ್ಷೇಪ. ಹೊಸ ಕೆಲಸಕ್ಕೆ ಅದು ಸರಿಯಾದ ಮಾತೇ. ಹಳೆಯ ಕೆಲಸಕ್ಕೆ ಒಪ್ಪುವುದಿಲ್ಲ: ಪೇಜ್‌ಮೇಕರ್ ಫೈಲುಗಳನ್ನು ನೇರವಾಗಿ ತೆರೆಯುತ್ತಿದ್ದ ಇನ್‌ಡಿಸೈನ್‌ನ ಸಾಮರ್ಥ್ಯ 2012ರ ಸಿಎಸ್6 ಆವೃತ್ತಿಗೇ ಕೊನೆಯಾಯಿತು. ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಡಾಂಗಲ್ ಇದ್ದರಷ್ಟೇ ತೆರೆಯುವ ತಂತ್ರಾಂಶಗಳಿಗೆ ಆ ಪೋರ್ಟೇ ಇಲ್ಲದ ಇಂದಿನ ಯಂತ್ರದಲ್ಲಿ ಜಾಗವಿಲ್ಲ. ಹಾರ್ಡ್‌ಡಿಸ್ಕನ್ನೇ ಬಿಚ್ಚಿ ಹೊಸ ಯಂತ್ರಕ್ಕೆ ಜೋಡಿಸಬಹುದು ಎಂಬುದು ಎರಡನೆಯ ಆಕ್ಷೇಪ. ಎಲ್ಲವನ್ನೂ ಒಮ್ಮೆಗೇ ನಕಲಿಸಲು ಅದೇ ಒಳ್ಳೆಯ ದಾರಿ. ಹಳೆಯ ಪುಟವನ್ನು ತೆರೆದು, ತಿದ್ದಿ, ಮುದ್ರಣಕ್ಕೆ ಕಳಿಸುವ ಆಗಾಗಿನ ಕೆಲಸಕ್ಕೆ ಪೆನ್‌ಡ್ರೈವೇ ಬೇಕು.

ಮೂರನೆಯದು ವೈರಸ್ಸಿನ ಭಯ. ಇದು ಎಲ್ಲಕ್ಕಿಂತ ಗಟ್ಟಿ ಆಕ್ಷೇಪ. 98ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2006ರ ಜುಲೈನಲ್ಲಿ, ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ ಮುಗಿಯಿತು. 2008ರಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಆಟೋರನ್ ಮೂಲಕವೂ ಹಬ್ಬಿತು. 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್, ಇಂಟರ್‌ನೆಟ್ ಸಂಪರ್ಕವಿಲ್ಲದ ಕಾರ್ಖಾನೆ ಯಂತ್ರಕ್ಕೂ ಪೆನ್‌ಡ್ರೈವ್ ಸಾಕು ಎಂದು ತೋರಿಸಿತು. ಅದು ಹೆಚ್ಚು ಹರಡಿದ ದೇಶಗಳಲ್ಲಿ ಭಾರತವೂ ಒಂದು. ಆದ್ದರಿಂದ ಹಳೆಯ ಯಂತ್ರವನ್ನು ಜಾಲದಿಂದ ಹೊರಗಿಡಬೇಕು, ಅದಕ್ಕೆಂದೇ ಒಂದು ಪೆನ್‌ಡ್ರೈವ್ ಮೀಸಲಿಡಬೇಕು, ಗಿರಾಕಿ ತಂದ ಡ್ರೈವನ್ನು ಮೊದಲು ಹೊಸ ಯಂತ್ರದಲ್ಲಿ ಸ್ಕ್ಯಾನ್ ಮಾಡಬೇಕು. ಅಪಾಯ ಇದರಿಂದ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ.

ಒಟ್ಟು ನೋಟ

ಹಳೆಯ ವಿಂಡೋಸ್‌ನಲ್ಲಿ ಪೆನ್‌ಡ್ರೈವ್ ನಡೆಸುವುದು ತಾಂತ್ರಿಕವಾಗಿ ಬಗೆಹರಿದ ಸಮಸ್ಯೆ. ಅದು ಕೊಡುವುದು ಕಾಲಾವಕಾಶವನ್ನು ಮಾತ್ರ. ನುಡಿ, ಬರಹ ಪಠ್ಯಗಳನ್ನು ಯೂನಿಕೋಡ್‌ಗೆ ತರುವ ಪರಿವರ್ತಕಗಳು ಈಗ ಸುಲಭವಾಗಿ ಸಿಗುತ್ತವೆ. ಹಳೆಯ ಸಿಸ್ಟಮ್ ಇನ್ನೂ ಆರಂಭವಾಗುತ್ತಿರುವಾಗಲೇ ಪಠ್ಯ, ಪುಟ, ಫಾಂಟ್ ಮೂರನ್ನೂ ಹೊರತೆಗೆದು, ಪಠ್ಯವನ್ನು ಯೂನಿಕೋಡ್‌ಗೆ ಬದಲಿಸಿಕೊಳ್ಳುವುದೇ ಈ ಶ್ರಮದ ಸಾರ್ಥಕ ಬಳಕೆ.