ಮ್ಯೂನಿಕ್ ನಗರದ ಮುಕ್ತ ತಂತ್ರಾಂಶ: ಒಂದು ಸ್ಥಳೀಯ ಆಡಳಿತದ ಚರಿತ್ರೆ

ಕಛೇರಿಯ ಕಡತಗಳು ಕಂಪ್ಯೂಟರಿಗೆ ಸೇರಿದಂದಿನಿಂದ ಸ್ಥಳೀಯ ಸಂಸ್ಥೆಗಳ ಮುಂದೆ ಹೊಸದೊಂದು ಪ್ರಶ್ನೆ ಎದ್ದುನಿಂತಿದೆ. ಕಡತವೇನೋ ಊರಿನದು, ಅದನ್ನು ತೆರೆಯುವ ಬೀಗದ ಕೈ ಯಾರದು? ತಂತ್ರಾಂಶದ ಒಳಬರಹವನ್ನು ಮಾರಾಟಗಾರನು ಗುಟ್ಟಾಗಿಟ್ಟರೆ ಅದರಲ್ಲಿ ಒಂದಕ್ಷರ ತಿದ್ದಬೇಕಾದರೂ ಅವನನ್ನೇ ಕೇಳಬೇಕು. ಮುಕ್ತ ತಂತ್ರಾಂಶದ ಒಳಬರಹವನ್ನಾದರೋ ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಪರಪ್ರಾಂತದಲ್ಲಿ ಅಲ್ಪಸಂಖ್ಯಾತರಾಗಿ ಬಾಳುವ ನಮಗೆ ಈ ಭೇದ ಅಲ್ಪವಾದುದಲ್ಲ. ಆದುದರಿಂದ ಈ ದಾರಿಯನ್ನು ಮೊದಲಾಗಿ ಹಿಡಿದ ದೊಡ್ಡ ನಗರಗಳಲ್ಲಿ ಒಂದಾದ ಜರ್ಮನಿಯ ಮ್ಯೂನಿಕ್ಕಿನ ವೃತ್ತಾಂತವನ್ನು ಇಲ್ಲಿ ಪರಿಶೀಲಿಸುತ್ತೇವೆ.

ಆ ನಗರಾಡಳಿತದ ಸುಮಾರು 14,000 ಕಂಪ್ಯೂಟರುಗಳು ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಎನ್.ಟಿ.ಯನ್ನು ನೆಚ್ಚಿದ್ದುವು. ಅದಕ್ಕೆ ದೊರೆಯುತ್ತಿದ್ದ ಬೆಂಬಲ ನಿಲ್ಲುವ ಕಾಲ ಬಂದಾಗ ನಗರವು ಬೇರೆ ದಾರಿ ಹುಡುಕಿತು. 2003ರಲ್ಲಿ ಸಂಸ್ಥೆಯ ಮುಖ್ಯಾಧಿಕಾರಿ ಸ್ಟೀವ್ ಬಾಲ್ಮರ್ ತಾವೇ ಬಂದು ಮೇಯರ್ ಕ್ರಿಸ್ಟಿಯಾನ್ ಊಡೆಯವರನ್ನು ಕಂಡರು. ಸಂಸ್ಥೆಯು ತನ್ನ ಬೆಲೆಯನ್ನು 3.66 ಕೋಟಿ ಡಾಲರಿನಿಂದ 2.37 ಕೋಟಿಗೆ ಇಳಿಸಿತೆಂದೂ, ಲಿನಕ್ಸ್ ಪಕ್ಷದ ಬೆಲೆ 3.57 ಕೋಟಿಯಾಗಿದ್ದಿತೆಂದೂ ಅಂದಿನ ಪತ್ರಿಕೆಗಳು ವರದಿ ಮಾಡಿದುವು. ಆದರೂ ಅದೇ ವರ್ಷದ ಮೇ 28ರಂದು ನಗರಸಭೆಯು ಲಿನಕ್ಸನ್ನೇ ಆರಿಸಿತು. ಅದು ಬಯಸಿದುದು ಅಗ್ಗದ ಸರಕನ್ನಲ್ಲ, ಸ್ವಾತಂತ್ರ್ಯವನ್ನು ಎಂಬುದು ಇದರಿಂದ ಸ್ಪಷ್ಟ.

ನಿರ್ಣಯ ಒಂದು ದಿನದ ಮಾತು. ಕೆಲಸ ಹತ್ತು ವರ್ಷಗಳದ್ದು. ‘ಲಿಮುಕ್ಸ್’ ಎಂದು ಹೆಸರಾದ ಈ ಯೋಜನೆಗೆ ದೊಡ್ಡ ತೊಡಕಾದುದು ಯಂತ್ರವಲ್ಲ, ನಮೂನೆಗಳು. ಇಲಾಖೆಗೊಂದು ಪತ್ರದ ಮಾದರಿ, ಇಲಾಖೆಗೊಂದು ಪದ್ಧತಿ. ಇವನ್ನು ಒಂದು ಕ್ರಮಕ್ಕೆ ತರಲು ನಗರದ ನೌಕರರೇ ‘ವೋಲ್‌ಮುಕ್ಸ್’ ಎಂಬ ಉಪಕರಣವನ್ನು ರಚಿಸಿದರು. 2008ರಲ್ಲಿ ಅದರ ಒಳಬರಹವನ್ನು ಲೋಕಕ್ಕೆಲ್ಲ ತೆರೆದಿಟ್ಟರು. 2012ರಲ್ಲಿ ನಗರವು ಒಂದು ಕೋಟಿ ಯೂರೊಗೂ ಮಿಗಿಲಾಗಿ ಉಳಿತಾಯವಾಯಿತೆಂದು ಲೆಕ್ಕ ಒಪ್ಪಿಸಿತು. 2013ರ ಕೊನೆಗೆ 14,000ಕ್ಕೂ ಹೆಚ್ಚು ಕಂಪ್ಯೂಟರುಗಳು ಬದಲಾಗಿದ್ದುವು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. 2014ರಲ್ಲಿ ಡೀಟರ್ ರೈಟರ್ ಮೇಯರಾದರು. ಕಛೇರಿಗಳಿಂದ ದೂರುಗಳು ಬರುತ್ತಲಿದ್ದುವು. 2016ರಲ್ಲಿ ಪರಿಶೀಲಿಸಿದ ಸಲಹೆಗಾರರು ತಂತ್ರಾಂಶಕ್ಕಿಂತ ಹೆಚ್ಚಾಗಿ ಹಂಚಿಹೋಗಿದ್ದ ಆಡಳಿತ ವ್ಯವಸ್ಥೆಯನ್ನೇ ತೊಂದರೆಯ ಮೂಲವೆಂದು ತೋರಿಸಿದರು. ಹಾಗಿದ್ದೂ ನಗರಸಭೆಯು 2017ರಲ್ಲಿ ವಿಂಡೋಸಿಗೆ ಮರಳಲು ತೀರ್ಮಾನಿಸಿತು. ಇದಕ್ಕೆ ಅಂದಾಜು ವೆಚ್ಚ ಸುಮಾರು 5 ಕೋಟಿ ಯೂರೊ. 2020ರಲ್ಲಿ ಅಧಿಕಾರಕ್ಕೆ ಬಂದ ಮೈತ್ರಿಕೂಟವಾದರೋ ಸಾಧ್ಯವಿದ್ದಲ್ಲೆಲ್ಲ ಮುಕ್ತ ತಂತ್ರಾಂಶವನ್ನೇ ಬಳಸುವುದಾಗಿ ತನ್ನ ಒಪ್ಪಂದದಲ್ಲಿ ಮತ್ತೆ ಬರೆದುಕೊಂಡಿತು.

ಇದರಿಂದ ನಾವು ತಿಳಿಯಬೇಕಾದುದೇನು? ಮೇಲಿನವರ ನಿರ್ಣಯ ಮೇಲಿನವರೊಡನೆಯೇ ಬದಲಾಗುತ್ತದೆ. ಮೇಜಿನ ಮುಂದೆ ಕುಳಿತ ಗುಮಾಸ್ತನಿಗೆ ಪಳಗಿಸುವವರು, ನಮೂನೆ ತಿದ್ದುವವರು, ದೂರು ಕೇಳುವವರು ಊರಲ್ಲೇ ಇದ್ದರೆ ಮಾತ್ರ ಬಿತ್ತಿದುದು ಬೇರೂರೀತು.

ಅಂಥವರನ್ನು ಸಿದ್ಧಗೊಳಿಸಿದ ಉದಾಹರಣೆ ಕಾಸರಗೋಡಿಗೆ ದೂರದ್ದಲ್ಲ. ಕೇರಳದಲ್ಲಿ 2001ರಲ್ಲಿ ಆರಂಭವಾದ ‘ಐ.ಟಿ. ಅಟ್ ಸ್ಕೂಲ್’ ಯೋಜನೆ ಕ್ರಮೇಣ ಲಿನಕ್ಸಿಗೆ ತಿರುಗಿದಾಗ ಭಾರ ಹೊತ್ತವರು ಅಧ್ಯಾಪಕರೇ. ತಾವು ಕಲಿತು ಸಹೋದ್ಯೋಗಿಗಳಿಗೆ ಕಲಿಸಿದರು. ಈ ವಿಷಯದ ಪಠ್ಯಪುಸ್ತಕಗಳು ಕನ್ನಡ ಮಾಧ್ಯಮದ ಮಕ್ಕಳಿಗೂ ಕನ್ನಡದಲ್ಲಿ ಬಂದುವು.

ಶಾಲೆಯಲ್ಲಿ ಆದುದು ಪಂಚಾಯತಿಯ ಕಛೇರಿಯಲ್ಲಿ ಏಕಾಗಬಾರದು? 1969ರ ಕೇರಳ ಅಧಿಕೃತ ಭಾಷಾ ಶಾಸನವು ಕನ್ನಡಿಗರು ತಮ್ಮ ನುಡಿಯಲ್ಲಿ ಸ್ಥಳೀಯ ಕಛೇರಿಗಳಿಗೆ ಬರೆಯುವ, ಅದೇ ನುಡಿಯಲ್ಲಿ ಉತ್ತರ ಪಡೆಯುವ ಅವಕಾಶವನ್ನು ಬರೆದಿಟ್ಟಿತು. ಆದರೆ ಅರ್ಜಿ ಪರದೆಯ ಮೇಲೆ ತುಂಬುವಂತಾದಾಗ, ಆ ಪರದೆಯಲ್ಲಿ ಕನ್ನಡವಿಲ್ಲದಿದ್ದರೆ ಶಾಸನದ ಅಕ್ಷರ ಶಾಸನದಲ್ಲೇ ಉಳಿಯುತ್ತದೆ. ಒಳಬರಹ ತೆರೆದಿದ್ದರೆ ಕನ್ನಡ ಸೇರಿಸಲು ಯಾವ ಮಾರಾಟಗಾರನ ಲಾಭನಷ್ಟದ ಲೆಕ್ಕವೂ ಅಡ್ಡಬರದು. ಜನನ ಪತ್ರ, ಮನೆ ತೆರಿಗೆ, ಕಟ್ಟಡದ ಪರವಾನಗಿ ಇವುಗಳ ಕನ್ನಡ ನಮೂನೆಗಳನ್ನೂ ಪದಪಟ್ಟಿಯನ್ನೂ ಸಿದ್ಧಪಡಿಸಿ ಪಂಚಾಯತಿಗೆ ಒಪ್ಪಿಸುವ ಕೆಲಸ ಗಡಿನಾಡಿನ ಅಧ್ಯಾಪಕರ ಕೈಗೆ ಎಟುಕುವಂಥದೇ. ಹಕ್ಕನ್ನು ಕೇಳುವುದರ ಜೊತೆಗೆ ಅದು ನಡೆಯಲು ಬೇಕಾದ ಸಾಮಗ್ರಿಯನ್ನೂ ನಾವೇ ಒದಗಿಸುವುದು ಲೇಸು.